ತಾರೀಖು ಹಾಕಿಸಿಕೊಳ್ಳಿ

(ವಿದ್ಯಾರ್ಥಿ ನಿಲಯಗಳ ಗೆಳೆಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ)



ಪದ್ಯ ಬರೆಯೋರು ಬಂದಿದ್ದಾರೆ, ನಾಲ್ಕು ಪದ್ಯ ಓದ್ತಾರೆ ಅಂತ ನೀವು ಕಾದು ಕೂತಿದ್ದೀರಿ. ಪದ್ಯ ಊಟ ಆದಮೇಲೆ ಓದೋಣ. ಇವತ್ತು ನಾವು ಮಾತಾಡಬೇಕಾಗಿರೋದು ನಿವೇಶನ, ಪಹಣಿ, ಖಾತೆ, ಲೈಸೆನ್ಸು, ಇಂಥ ಒಣ ಮಾತುಗಳ ಬಗ್ಗೆ. ಒಣ ಮಾತು ನಿಜ. ಆದರೆ ಈ ಒಣ ಮಾತುಗಳ ಹಿಂದೆ ಓಡಾಡಿ ಓಡಾಡಿಯೇ ನಮ್ಮ ಕೇರಿಯ ಎಷ್ಟೋ ಹಿರಿಯರ ಆಯುಸ್ಸು ಒಣಗಿ ಹೋಗಿದೆ.

ಈ ಹಾಸ್ಟೆಲ್ಲಿನ ಯಾವ ರೂಮಿಗಾದರೂ ಹೋಗಿ, ಕೆಲಸ ಸಿಕ್ಕಿದರೆ ಮೊದಲು ಏನು ಮಾಡ್ತೀಯಪ್ಪ ಎಂದು ಕೇಳಿ. ಬಹುಪಾಲು ಬಾಯಲ್ಲಿ ಬರೋ ಉತ್ತರ ಒಂದೇ: 'ಅವ್ವನಿಗೊಂದು ಮನೆ ಕಟ್ಟಿಸಬೇಕು.' ಸೋರದ ಮನೆ. ಬಾಗಿಲಿಗೆ ಬೀಗ ಹಾಕಬಹುದಾದ ಮನೆ. ಮಳೆ ಬಂದರೆ ಪುಸ್ತಕ ಎತ್ತಿಕೊಂಡು ಓಡಾಡಬೇಕಾಗಿಲ್ಲದ ಮನೆ. ಈ ಆಸೆ ಸಣ್ಣದಲ್ಲ. ಆದರೆ ಇಟ್ಟಿಗೆ, ಸಿಮೆಂಟು, ಗಾರೆಯವನು ಇವೆಲ್ಲ ಆಮೇಲಿನ ಮಾತು. ಮೊದಲು ಬೇಕಾದ್ದು ಜಾಗ. ಜಾಗದ ಜೊತೆಗೆ ಅನುಮತಿ. ಅನುಮತಿ ಎಷ್ಟು ದಿನಕ್ಕೆ ಬರಬೇಕು, ಎಷ್ಟು ದಿನಕ್ಕೆ ಬರುತ್ತೆ, ಈ ಎರಡರ ನಡುವೆ ಇರುವ ಕಂದಕದಲ್ಲಿ ನಮ್ಮ ಜನ ಬಿದ್ದಿದ್ದಾರೆ.

ಈ ಕಂದಕ ಇವತ್ತಿನದಲ್ಲ. ಬಾಬಾಸಾಹೇಬರೇ ಇದರಲ್ಲಿ ಬಿದ್ದು ಎದ್ದವರು. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಹೋದರು. ಊರಲ್ಲಿ ಅಸ್ಪೃಶ್ಯನಿಗೆ ಮನೆ ಕೊಡುವವರಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ಸರ್ಕಾರಿ ಬಂಗಲೆಗೆ ಅರ್ಜಿ ಕೊಟ್ಟರು. ಅರ್ಜಿ ಒಬ್ಬ ಅಧಿಕಾರಿಯಿಂದ ಇನ್ನೊಬ್ಬ ಅಧಿಕಾರಿಗೆ ಹೋಯಿತು, ಅವರಿಂದ ಮತ್ತೊಬ್ಬರಿಗೆ ಹೋಯಿತು. ಉತ್ತರ ಬರುವ ಮುಂಚೆ, ಛತ್ರ ಸೇರಿದ ಹನ್ನೊಂದನೇ ದಿನ, ದೊಣ್ಣೆ ಹಿಡಿದ ಜನ ಬಂದರು. ಆ ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದರು. ಅವರು ಊರಿನ ಉದ್ಯಾನದಲ್ಲಿ ಗಂಟೆಗಟ್ಟಲೆ ಕೂತು ರಾತ್ರಿ ರೈಲಿಗೆ ಬೊಂಬಾಯಿಗೆ ವಾಪಸಾದರು. ಇದನ್ನೆಲ್ಲ ಬರೆದ ಬರಹಕ್ಕೆ ಅವರು ಇಟ್ಟ ಹೆಸರು ನೋಡಿ: 'ವೇಟಿಂಗ್ ಫಾರ್ ಎ ವೀಸಾ'. ಅಂದರೆ ಪರವಾನಗಿಗಾಗಿ ಕಾಯುವುದು.

ಗೆಳೆಯರೇ, ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ದೊಣ್ಣೆ ಹಿಡಿದವರು ಆಡಿದ್ದು 'ಬೇಡ' ಅನ್ನೋ ಮಾತು. ಕಚೇರಿ 'ಬೇಡ' ಅನ್ನಲಿಲ್ಲ, ಬರೀ ತಡ ಮಾಡಿತು. ಫಲ ಎರಡಕ್ಕೂ ಒಂದೇ. ಹೊಡೆಯೋ ಕೈ ಕಾಣುತ್ತೆ, ಅದರ ವಿರುದ್ಧ ಮೆರವಣಿಗೆ ಮಾಡ್ತೀವಿ. ತಡ ಮಾಡೋ ಕೈ ಕಾಣೋದಿಲ್ಲ. ಅದಕ್ಕೇ ಇವತ್ತು ಆ ಕಾಣದ ಕೈ ಬಗ್ಗೆ ಮಾತು.

ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ಬಡಿದರೆ, ಅದನ್ನು ಓದಿ ವಾಪಸು ಹೋಗಲಿ ಅಂತ. ದೆವ್ವ ದಿನಾ ಬರೋದು, ದಿನಾ ಓದೋದು, ದಿನಾ ಹೋಗೋದು. ತಾಲ್ಲೂಕು ಕಚೇರಿಗಳ ಬಾಗಿಲಿಗೆ ಯಾರೂ ಹಾಗೆ ಬರೆದಿಲ್ಲ. ಆದರೂ ನಮ್ಮಪ್ಪಂದಿರು ಅದನ್ನೇ ಓದಿಕೊಂಡು ಬಂದರು. 'ಬುದ್ಧೀ, ನಮ್ಮರ್ಜಿ ಏನಾಯ್ತು?' 'ನಾಳೆ ಬಾರಯ್ಯ.' ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಹೊಟ್ಟೆಗಿಲ್ಲದೆ ಹೋದ ಮನುಷ್ಯನನ್ನು ಕಚೇರಿ ದೆವ್ವ ಮಾಡಿಬಿಟ್ಟಿತು.

ನಮಗೆ ಗೊತ್ತಾಗಬೇಕಾದ್ದು ಏನಪ್ಪ ಅಂದರೆ, 'ನಾಳೆ ಬಾ' ಅನ್ನೋದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಕಾನೂನು ಬಹಳ ಕಡೆ ಇಷ್ಟು ದಿನ ಅಂತ ಹೇಳಿದೆ. ಆದರೆ ಆ ದಿನಗಳು ಯಾವತ್ತಿನಿಂದ ಶುರು? ಅರ್ಜಿಯ ಮೇಲೆ ತಾರೀಖು ಬಿದ್ದ ದಿನದಿಂದ. ತಾರೀಖು ಬೀಳದ ಅರ್ಜಿ ಹುಟ್ಟೇ ಇಲ್ಲ ಅನ್ನೋ ಲೆಕ್ಕ. ನಮ್ಮಪ್ಪಂದಿರು ಅರ್ಜಿ ಕೊಟ್ಟರು, ತಾರೀಖು ಈಸಿಕೊಳ್ಳಲಿಲ್ಲ. ಯಾಕೆ? ಅಕ್ಷರ ಇರಲಿಲ್ಲ. ಕೇಳಿದರೆ ಸಾಹೇಬರು ಸಿಟ್ಟಾದಾರು ಅನ್ನೋ ಹೆದರಿಕೆ ಇತ್ತು. ಈಗ ನಮಗೆ ಅಕ್ಷರ ಇದೆ. ಹೆದರಿಕೆ ಬಿಡಬೇಕಷ್ಟೆ.

ಒಂದು ಮನೆ ಏಳುವವರೆಗೂ ಯಾವ ಯಾವ ಬಾಗಿಲು ದಾಟಬೇಕು, ಒಂದೊಂದಾಗಿ ನೋಡೋಣ.

ಮೊದಲನೇದು, ಕೊಳ್ಳುವ ಜಾಗ ಯಾರದು ಅನ್ನೋದು. ಪಹಣಿ ತೆಗೆಸಿ 9ನೇ ಕಾಲಂ ಓದಿ, ಮಾಲೀಕನ ಹೆಸರು ಇರುತ್ತೆ. 11ನೇ ಕಾಲಂ ಓದಿ, ಸಾಲ ಮತ್ತು ಋಣ ಇರುತ್ತೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಇವಿಷ್ಟು ಎಲ್ಲರೂ ಹೇಳ್ತಾರೆ. ನಾವು ಇನ್ನೊಂದು ಸೇರಿಸ್ತೀವಿ. ಆ ಜಮೀನು ಯಾರಾದರೂ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾ ನೋಡಿ. ಹಾಗಿದ್ದರೆ 1978ರ ಕಾಯ್ದೆ, ನಾವೆಲ್ಲ ಪಿಟಿಸಿಎಲ್ ಅಂತ ಕರೆಯೋದು, ಅದು ಅಡ್ಡ ನಿಲ್ಲುತ್ತೆ. 1979ರ ಜನವರಿ 1ರಿಂದ ಜಾರಿಗೆ ಬಂದ ಆ ಕಾಯ್ದೆ ಹೇಳೋದು ಇಷ್ಟು: ಮಂಜೂರಾದ ಜಮೀನನ್ನು ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಮಾರಾಟವೇ ಅಲ್ಲ. ಅಸಿಸ್ಟೆಂಟ್ ಕಮಿಷನರ್ ಅದನ್ನು ಬಿಡಿಸಿ ಮೂಲ ಮಂಜೂರುದಾರನಿಗೆ, ಅವನಿಲ್ಲದಿದ್ದರೆ ಅವನ ವಾರಸುದಾರರಿಗೆ ಕೊಡಬೇಕು. ಜಮೀನು ಕೊಂಡ ದೊಡ್ಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಇಲ್ಲಿಯವರೆಗೂ ಸರಿ. ಆಮೇಲೆ ಏನಾಯ್ತು ಕೇಳಿ. ಕಾಯ್ದೆಯಲ್ಲಿ ಜಮೀನು ವಾಪಸು ಕೇಳೋದಕ್ಕೆ ಇಷ್ಟೇ ವರ್ಷ ಅಂತ ಮಿತಿ ಬರೆದಿರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಿತಿ ಬರೆಯದಿದ್ದರೂ ಸಮಂಜಸವಾದ ಕಾಲದೊಳಗೆ ಕೇಳಬೇಕಿತ್ತು, ಬಹಳ ತಡವಾಯಿತು ಅಂದಿತು. ಆ ಒಂದು ಮಾತು ಹಿಡಿದುಕೊಂಡು ಎಷ್ಟೋ ಅರ್ಜಿಗಳು ಬಿದ್ದುಹೋದವು. ಚಳವಳಿಯ ಜನ ಬೀದಿಯಲ್ಲಿ ಕೂತರು. 2023ರಲ್ಲಿ ವಿಧಾನಮಂಡಲ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತಂದಿತು. ಅದಾದಮೇಲೂ ತಡವಾಯಿತು ಅನ್ನೋ ವಾದ ಕೋರ್ಟುಗಳಲ್ಲಿ ನಿಂತಿಲ್ಲ.

ಇದರಲ್ಲಿ ಅಡಗಿರೋ ನ್ಯಾಯ ನೋಡಿ. ಅಕ್ಷರ ಇಲ್ಲದ, ಜಮೀನು ಹೋದದ್ದು ಕಾನೂನಿಗೆ ವಿರುದ್ಧ ಅಂತಲೇ ಗೊತ್ತಿಲ್ಲದ ಕೂಲಿಯವನು ತಡ ಮಾಡಿದರೆ ಜಮೀನೇ ಹೋಗುತ್ತೆ. ಕಚೇರಿ ತಡ ಮಾಡಿದರೆ ಏನು ಹೋಗುತ್ತೆ? ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇನ್ನೊಂದು ಸ್ವಲ್ಪ ಹೊತ್ತಿಗೆ ಅದರ ಬೆಲೆಯನ್ನು ರೂಪಾಯಿ ಲೆಕ್ಕದಲ್ಲೇ ಹೇಳ್ತೀವಿ. ಅಷ್ಟರೊಳಗೆ ಎರಡು ಬುದ್ಧಿಮಾತು. ನಿಮ್ಮ ಮನೆಯ ಮಂಜೂರು ಜಮೀನು ಪರರ ಕೈಲಿದ್ದರೆ ಈ ವರ್ಷವೇ ಅರ್ಜಿ ಹಾಕಿ, ಮುಂದಿನ ವರ್ಷ ಅನ್ನಬೇಡಿ. ನಾಳೆ ನಿಮಗೆ ನೌಕರಿ ಬಂದು ಸೈಟು ಕೊಳ್ಳೋಕೆ ಹೊರಟಾಗ, ಇನ್ನೊಬ್ಬ ಬಡವನ ಮಂಜೂರು ಜಮೀನನ್ನು ಅಗ್ಗಕ್ಕೆ ಹೊಡೆಯೋ ಸಾಲಿನಲ್ಲಿ ನೀವು ನಿಲ್ಲಬೇಡಿ.

ಎರಡನೇದು, ಕರಾರು ಮತ್ತು ರಿಜಿಸ್ಟ್ರಿ. ನಮ್ಮ ಜನ ಪಟ್ಟಣದ ಅಂಚಿಗೆ ಹೋಗಿ, ಪೌರಕಾರ್ಮಿಕರಾಗಿ, ಗಾರ್ಮೆಂಟ್ಸ್ ಕೆಲಸ ಮಾಡಿ, ಚೀಟಿ ಎತ್ತಿ ಒಂದು ಇಪ್ಪತ್ತು ಮೂವತ್ತರ ಸೈಟು ಕೊಳ್ತಾರೆ. ಕೈಗೆ ಸಿಗೋದು ಏನು? ಒಂದು ಕರಾರು ಪತ್ರ, ಒಂದು ಜಿಪಿಎ, ಒಂದು ಅಫಿಡವಿಟ್ಟು. ದಲ್ಲಾಳಿ ಅಂತಾನೆ, 'ಇದೇ ಸಾಕು ಕಣಪ್ಪ, ರಿಜಿಸ್ಟ್ರಿ ಆಮೇಲೆ ಮಾಡ್ಸಣ.' ಸಾಕಾಗೋದಿಲ್ಲ. ಜಿಪಿಎ ಮೇಲೆ ಕೊಂಡರೆ ಒಡೆತನ ಬರೋದಿಲ್ಲ ಎಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ. ಇಲ್ಲೂ ದಿನದ ಲೆಕ್ಕ ಇದೆ. ಕ್ರಯಪತ್ರಕ್ಕೆ ಸಹಿ ಬಿದ್ದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರು ಮಾಡಬೇಕು, ಇದು 1908ರ ನೋಂದಣಿ ಕಾಯ್ದೆ. ಕರಾರು ಮಾಡಿಕೊಟ್ಟವನು ಕ್ರಯ ಮಾಡಿಕೊಡದೆ ಆಟ ಆಡಿದರೆ ಮೂರು ವರ್ಷದೊಳಗೆ ದಾವಾ ಹೂಡಬೇಕು. ಕರಾರಿನಲ್ಲಿ ಕ್ರಯಕ್ಕೆ ತಾರೀಖು ಬರೆದಿದ್ದರೆ ಆ ತಾರೀಖಿನಿಂದ ಮೂರು ವರ್ಷ. ಬರೆದಿಲ್ಲದಿದ್ದರೆ, ಅವನು ಕೊಡೋದಿಲ್ಲ ಅಂದದ್ದು ನಮಗೆ ಗೊತ್ತಾದ ದಿನದಿಂದ. ಗೊತ್ತಾದ ದಿನ ಯಾವುದು ಅಂತ ಸಾಬೀತು ಮಾಡೋದು ಕಷ್ಟ. ಆದ್ದರಿಂದ ಕರಾರಿನಲ್ಲೇ ತಾರೀಖು ಬರೆಸಿ. ದುಡ್ಡು ಕೊಟ್ಟಾಗಲೆಲ್ಲ ಬರೆಸಿ.

ಮೂರನೇದು, ಭೂಪರಿವರ್ತನೆ. ಸಾಗುವಳಿ ಜಮೀನಿನಲ್ಲಿ ಮನೆ ಕಟ್ಟೋ ಹಾಗಿಲ್ಲ, ಪರಿವರ್ತನೆ ಆಗಬೇಕು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ದಶಕಗಟ್ಟಲೆ ಇದ್ದ ಮಾತು ಇದು: ಅರ್ಜಿ ಬಂದ ನಾಲ್ಕು ತಿಂಗಳೊಳಗೆ ಜಿಲ್ಲಾಧಿಕಾರಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಕೊಟ್ಟಂತೆ ಭಾವಿಸತಕ್ಕದ್ದು. ಈಚಿನ ವರ್ಷಗಳ ತಿದ್ದುಪಡಿಗಳು ಪರಿವರ್ತನೆಯ ದಾರಿಯನ್ನು ಇನ್ನೂ ಮೊಟಕು ಮಾಡಿವೆ. 'ಭಾವಿಸತಕ್ಕದ್ದು' ಅನ್ನೋ ಈ ಪದ ನಮಗೆ ಬಹಳ ಹಿಡಿಸಿತು. ಕಾನೂನು ಭಾವಿಸುತ್ತೆ, ಪಂಚಾಯ್ತಿ ಗುಮಾಸ್ತ ಭಾವಿಸೋದಿಲ್ಲ. 'ಆರ್ಡರ್ ಕಾಪಿ ಎಲ್ಲಿ?' ಅಂತಾನೆ. ಅವನಿಗೆ ತೋರಿಸೋಕೆ ನಮ್ಮ ಹತ್ತಿರ ಇರಬಹುದಾದ ಒಂದೇ ವಸ್ತು ತಾರೀಖು ಬಿದ್ದ ಸ್ವೀಕೃತಿ. ಅದು ಇಲ್ಲದಿದ್ದರೆ ಭಾವಿಸೋ ಕಾನೂನೂ ಕಣ್ಣು ಮುಚ್ಚಿಕೊಳ್ಳುತ್ತೆ. ಇನ್ನೊಂದು ಮಾತು. ಜಮೀನು ಪಿಟಿಸಿಎಲ್‌ಗೆ ಸೇರಿದ್ದಾದರೆ, ಅನುಮತಿ ಇಲ್ಲದೆ ಕೊಂಡ ದೋಷ ಪರಿವರ್ತನೆಯಿಂದ ತೊಳೆದುಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಕೊಳ್ಳೋದಾದರೆ ಸರ್ವೆಯವರ 11-ಇ ನಕ್ಷೆ ಬೇಕು. ನಮ್ಮ ಮಂಜೂರು ಜಮೀನುಗಳ ಕಥೆ ಇಲ್ಲೇ ಸಿಕ್ಕಿಹಾಕಿಕೊಳ್ಳೋದು. ಸಾಗುವಳಿ ಚೀಟಿ ಟ್ರಂಕಿನಲ್ಲಿ ಇರುತ್ತೆ. ಪೋಡಿ ಆಗಿರೋದಿಲ್ಲ. ನಾಲ್ಕಾರು ಜನರ ಹೆಸರು ಒಂದೇ ಪಹಣಿಯಲ್ಲಿ ಅಂಟಿಕೊಂಡಿರುತ್ತೆ. ಯಾರ ತುಂಡು ಯಾವುದು ಅಂತ ಗೆರೆ ಬಿದ್ದಿರೋದಿಲ್ಲ. ಗೆರೆ ಬೀಳದ ಜಾಗಕ್ಕೆ ಸಾಲ ಇಲ್ಲ, ಮನೆ ಇಲ್ಲ, ಮಕ್ಕಳಿಗೆ ಪಾಲೂ ಇಲ್ಲ. ಇದಕ್ಕೂ ಮುಂಚಿನ ಸಾಲಿನಲ್ಲಿ ನಿಂತವರು ಬಗರ್ ಹುಕುಂ ಜನ. 1990ರ ಏಪ್ರಿಲ್ 14ಕ್ಕೆ ಮುಂಚೆ ಸರ್ಕಾರಿ ಜಮೀನು ಉಳುತ್ತಿದ್ದವರಿಗೆ 1991ರಲ್ಲಿ ನಮೂನೆ 50 ಬಂತು. ಏಪ್ರಿಲ್ 14 ಯಾರ ಹುಟ್ಟಿದ ದಿನ ಅಂತ ನಿಮಗೆ ಹೇಳಬೇಕಾಗಿಲ್ಲ. ಆಮೇಲೆ ನಮೂನೆ 53 ಬಂತು. 2018ರಲ್ಲಿ ನಮೂನೆ 57 ಬಂತು. ನಮೂನೆಯ ನಂಬರು ಏರಿತು, ಅರ್ಜಿದಾರನ ತಲೆ ನೆರೆಯಿತು. ತಾತ ಹಾಕಿದ ಅರ್ಜಿಯ ಗತಿ ವಿಚಾರಿಸೋಕೆ ಮೊಮ್ಮಗ ಹೋಗೋ ಕಚೇರಿಗಳು ಇವತ್ತೂ ಇವೆ.

ನಾಲ್ಕನೇದು, ಖಾತೆ. ಹಳ್ಳಿಯಲ್ಲಿ ಮನೆ, ನಿವೇಶನಗಳ ಖಾತೆ ಈಗ ಕಂಪ್ಯೂಟರಿನಲ್ಲಿದೆ, ಇ-ಸ್ವತ್ತು ಅಂತಾರೆ. ನಮೂನೆ 9, ನಮೂನೆ 11 ಅನ್ನೋದು ಅಲ್ಲಿಂದಲೇ ಬರೋದು. ಈ ನಮೂನೆ ಇಲ್ಲದೆ ಮಾರಾಟ ಇಲ್ಲ, ಬ್ಯಾಂಕು ಬಾಗಿಲು ತೆರೆಯೋದಿಲ್ಲ. ಊರೊಳಗಿನ ಮನೆಗಳು ಗ್ರಾಮಠಾಣೆಯಲ್ಲಿ ಇರುತ್ತವೆ, ಅವಕ್ಕೆ ಖಾತೆ ಬೇಗ. ನಮ್ಮ ಕೇರಿ ಎಲ್ಲಿರುತ್ತೆ? ಗ್ರಾಮಠಾಣೆಯ ಗೆರೆ ದಾಟಿ, ಗೋಮಾಳದಲ್ಲಿ, ಕೆರೆ ಅಂಚಿನಲ್ಲಿ, ಗೌಡರ ಹೊಲದ ಬದಿಯಲ್ಲಿ. ಊರು ನಮ್ಮನ್ನು ಆಚೆ ಇಟ್ಟದ್ದು ಜಾತಿಗಾಗಿ. ನಕ್ಷೆ ಬರೆದವನು ಊರನ್ನು ಮಾತ್ರ ಅಳೆದ. ಈಗ ಕಂಪ್ಯೂಟರು ನಕ್ಷೆ ನೋಡಿ, 'ನಿಮ್ಮದು ಗ್ರಾಮಠಾಣೆಯಲ್ಲಿ ಇಲ್ಲ' ಅನ್ನುತ್ತೆ. ಕಂಪ್ಯೂಟರಿಗೆ ಜಾತಿ ಇಲ್ಲ ನಿಜ. ಅದಕ್ಕೆ ಉಣಿಸಿದ ನಕ್ಷೆಗೆ ಇದೆ.

ಇದಕ್ಕೆ ಕಾನೂನಿನಲ್ಲಿ ಕಿಟಕಿಗಳಿವೆ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿರೋ ಹಳ್ಳಿಯವರಿಗೆ ಭೂಕಂದಾಯ ಕಾಯ್ದೆಯ 94-ಸಿ, ಪಟ್ಟಣದವರಿಗೆ 94-ಸಿಸಿ. ದಾಖಲೆಯೇ ಇಲ್ಲದ ತಾಂಡ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕಾಲೋನಿಗಳಿಗೆ ಆಮೇಲೆ ಸೇರಿದ 94-ಡಿ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಸಂತೋಷ. ಆದರೆ ಆ ತಾಂಡಗಳು ಅವತ್ತು ಹುಟ್ಟಿದವಲ್ಲ. ಹುಟ್ಟಿ, ಬೆಳೆದು, ಮದುವೆಯಾಗಿ, ಸತ್ತು ಮಣ್ಣಾದ ಮೇಲೂ ಆ ಜನಕ್ಕೆ ವಿಳಾಸ ಇರಲಿಲ್ಲ. ಹಕ್ಕುಪತ್ರ ಕೈಗೆ ಬಂತು ಅಂತ ಸುಮ್ಮನೆ ಕೂರೋಹಾಗೂ ಇಲ್ಲ. ಹಕ್ಕುಪತ್ರ ಪಂಚಾಯ್ತಿಗೆ ಹೋಗಿ ಖಾತೆ ಆಗೋವರೆಗೂ ಕೆಲಸ ಅರ್ಧ.

ಐದನೇದು, ಕಟ್ಟೋ ಲೈಸೆನ್ಸು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನ ಪ್ರಕಾರ ಗ್ರಾಮ ಪಂಚಾಯ್ತಿ 60 ದಿನದೊಳಗೆ ತೀರ್ಮಾನ ಮಾಡಿ ತಿಳಿಸಬೇಕು. ತಿಳಿಸದಿದ್ದರೆ ಮೇಲ್ಮನವಿಗೆ ಹೋಗಬಹುದು. ಬಹಳ ಜನಕ್ಕೆ ಈ 60 ಅನ್ನೋ ಅಂಕಿಯೇ ಗೊತ್ತಿಲ್ಲ. ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ಬಂದರೆ ಇನ್ನೊಂದು ಲೆಕ್ಕ. ದುಡ್ಡು ಒಂದೇ ಸಲ ಬರೋದಿಲ್ಲ. ತಳಪಾಯ ಆದಮೇಲೆ ಒಂದು ಕಂತು, ಗೋಡೆ ಏರಿದಮೇಲೆ ಒಂದು, ಛಾವಣಿ ಆದಮೇಲೆ ಒಂದು. ಪ್ರತಿ ಸಲವೂ ಪಂಚಾಯ್ತಿಯವರು ಬಂದು ಫೋಟೋ ತೆಗೆದು ಏರಿಸಬೇಕು. ಫೋಟೋ ತೆಗೆಯೋರು ಬರದೆ ಹೋದರೆ ಗೋಡೆ ಮಳೆಯಲ್ಲಿ ನೆನೆಯುತ್ತೆ. ಅಷ್ಟರೊಳಗೆ ನಮ್ಮವರು ಬಡ್ಡಿಗೆ ದುಡ್ಡು ತಂದಿರ್ತಾರೆ. ಸರ್ಕಾರದ ಕಂತು ಬರೋವರೆಗೂ ಸಾಹುಕಾರನ ಬಡ್ಡಿ ನಿಲ್ಲೋದಿಲ್ಲ. ಎಷ್ಟೋ ಕೇರಿಗಳಲ್ಲಿ ಲಿಂಟಲ್ ಮಟ್ಟಕ್ಕೆ ನಿಂತ ಮನೆಗಳನ್ನು ನೀವೇ ನೋಡಿದ್ದೀರಿ. ಅವು ಬಡತನಕ್ಕೆ ನಿಂತ ಮನೆಗಳಲ್ಲ, ತಡಕ್ಕೆ ನಿಂತ ಮನೆಗಳು.

ಮನೆ ಆಯ್ತು ಅನ್ನಿ, ದೀಪ ಬೇಡವೇ? 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ಹಳ್ಳಿಗೆ ಹೊಸ ಸಂಪರ್ಕ ಕೊಡೋಕೆ 30 ದಿನ ಇತ್ತು. 2024ರಲ್ಲಿ ಅದನ್ನು 15 ದಿನಕ್ಕೆ ಇಳಿಸಿದರು, ಗುಡ್ಡಗಾಡು ಬಿಟ್ಟು. ಇಲ್ಲೂ ಕಾಗದ ಎಲ್ಲ ಸರಿಯಿದ್ದು ಅರ್ಜಿ ಕೊಟ್ಟ ದಿನದಿಂದ ಲೆಕ್ಕ.

ಈಗ ಹೇಳ್ತೀವಿ ಅಂದಿದ್ದ ಬೆಲೆಯ ಮಾತು. ಕರ್ನಾಟಕದಲ್ಲಿ ಸಕಾಲ ಅಂತ ಒಂದು ಕಾಯ್ದೆ ಇದೆ. 2011ರದು, 2012ರಿಂದ ರಾಜ್ಯದಲ್ಲೆಲ್ಲ ಜಾರಿ. ಯಾವ ಸೇವೆಗೆ ಎಷ್ಟು ದಿನ ಅಂತ ಪಟ್ಟಿ ಮಾಡಿದ್ದಾರೆ. ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ನಂಬರಿರುವ ಸ್ವೀಕೃತಿ ಕೊಡಬೇಕು. ಹೇಳಿದ ದಿನದೊಳಗೆ ಆಗದಿದ್ದರೆ ಅಥವಾ ತಿರಸ್ಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ. ತಡ ಮಾಡಿದ್ದಕ್ಕೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಎಷ್ಟೇ ದಿನ ಆದರೂ 500 ರೂಪಾಯಿಗೆ ಮೀರದ ಹಾಗೆ. ಒಳ್ಳೆಯ ಕಾಯ್ದೆಯೇ. ಆದರೆ ಲೆಕ್ಕ ಹಾಕಿ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಒಂದು ದಿನ ಕಚೇರಿಗೆ ಹೋದರೆ ಅವ್ವನಿಗೆ ಆಗೋ ನಷ್ಟ 349, ಮೇಲೆ ಬಸ್ ಚಾರ್ಜು. ಕಚೇರಿಯ ಒಂದು ದಿನದ ತಡಕ್ಕೆ ಕಟ್ಟಿದ ಬೆಲೆ 20. ಎರಡು ದಿನ ಸುಮ್ಮನೆ ಓಡಾಡಿದರೆ ಸಕಾಲದ ಗರಿಷ್ಠ ಪರಿಹಾರಕ್ಕಿಂತ ಹೆಚ್ಚು ಕೂಲಿ ಹೋಯ್ತು. ನಾವು ತಡ ಮಾಡಿದರೆ ಜಮೀನು, ಅವರು ತಡ ಮಾಡಿದರೆ ಇಪ್ಪತ್ತು ರೂಪಾಯಿ. ಈ ದೇಶದಲ್ಲಿ ಕಾಲಕ್ಕೂ ಜಾತಿ ಇದೆ, ಗೆಳೆಯರೇ.

ಹಾಗಾದರೆ ಸಕಾಲ ಬೇಡವೇ? ಬೇಕೇ ಬೇಕು. ಇಪ್ಪತ್ತು ರೂಪಾಯಿ ಮುಖ್ಯ ಅಲ್ಲ. ಆ ಇಪ್ಪತ್ತು ರೂಪಾಯಿ ತಡ ಮಾಡಿದ ನೌಕರನ ಕೈಯಿಂದ ವಸೂಲಾಗಬೇಕು ಅನ್ನೋದು ಮುಖ್ಯ. ತಡ ಅನ್ನೋದು ತಪ್ಪು ಅಂತ ಕಾಗದದ ಮೇಲೆ ಬರೋದು ಮುಖ್ಯ. ಸಕಾಲದ ಪಟ್ಟಿಯಲ್ಲಿ ಇಲ್ಲದ ಅರ್ಜಿಗೆ ಮಾಹಿತಿ ಹಕ್ಕು ಇದೆ. 2005ರ ಆ ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, 'ಇಂಥ ತಾರೀಖಿನ ನಮ್ಮ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ' ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪದ್ಯ ಬರೆಯೋರಿಗೆ 150 ಪದ ಧಾರಾಳ ಆಯ್ತು.

ತಡ ಅನ್ನೋದು ಬರೀ ಸೋಮಾರಿತನ ಅಂತ ತಿಳೀಬೇಡಿ. ನಮಗೆ ಗೊತ್ತಿರೋ ಒಂದು ಕೇರಿಯಲ್ಲಿ ಒಬ್ಬ ವಿಧವೆ ಅವ್ವ, ಮೂವತ್ತು ವರ್ಷದಿಂದ ಇದ್ದ ಗುಡಿಸಲು ಜಾಗದಲ್ಲೇ ಮನೆ ಕಟ್ಟಬೇಕು ಅಂತ ಹೊರಟಳು. ಪಕ್ಕದ ಹೊಲದವನು ಪಂಚಾಯ್ತಿಗೆ ಹೋಗಿ ಬಾಯಿಮಾತಿನಲ್ಲಿ ತಕರಾರು ಹೇಳಿದ. ಬರೆದು ಕೊಡಲಿಲ್ಲ, ಬರೆದರೆ ನಾಳೆ ಸಾಬೀತು ಮಾಡಬೇಕಲ್ಲ. ಕಾರ್ಯದರ್ಶಿ ಅವ್ವನಿಗೆ ಇಲ್ಲ ಅನ್ನಲಿಲ್ಲ. 'ತಕರಾರು ಐತೆ, ನೋಡಣ' ಅಂದ. ತಿಂಗಳಾಯ್ತು, ವರ್ಷ ಆಯ್ತು. ಅವಳ ಮೊಮ್ಮಗಳು ಪಿಯುಸಿಗೆ ಹಾಸ್ಟೆಲ್ ಸೇರಿದ್ದಳು. ರಜೆಗೆ ಬಂದವಳು ಎರಡು ಪ್ರತಿ ಅರ್ಜಿ ಬರೆದಳು. 'ಸಾರ್, ಇದಕ್ಕೆ ಸೀಲು ಹಾಕಿ ತಾರೀಖು ಬರೆದು ಕೊಡಿ' ಅಂದಳು. ಅವನು 'ಬಿಟ್ಟು ಹೋಗಮ್ಮ, ನೋಡ್ತೀವಿ' ಅಂದ. 'ತಗೊಳ್ಳೋದಿಲ್ಲ ಅಂತಾದರೆ ಹಾಗೇ ಬರೆದುಕೊಡಿ ಸಾರ್' ಅಂದಳು. ಒಂದು ಗಂಟೆ ಅಲ್ಲೇ ನಿಂತಳು. ಸೀಲು ಬಿತ್ತು. 'ತಕರಾರು ಯಾರದು, ಅದರ ನಕಲು ಕೊಡಿ' ಅಂತ ಮಾಹಿತಿ ಹಕ್ಕಿನಲ್ಲಿ ಇನ್ನೊಂದು ಅರ್ಜಿ ಹಾಕಿದಳು. ಲಿಖಿತ ತಕರಾರು ಯಾವುದೂ ಇಲ್ಲ ಅಂತ ಉತ್ತರ ಬಂತು. ಆ ಒಂದು ಹಾಳೆಯ ಮುಂದೆ ಬಾಯಿಮಾತು ನಿಲ್ಲಲಿಲ್ಲ. ಲೈಸೆನ್ಸು ಬಂತು. ಮನೆ ಇನ್ನೂ ಪೂರ್ತಿ ಆಗಿಲ್ಲ, ಆದರೆ ಗೋಡೆ ಎದ್ದಿದೆ.

ಅವಳು ಕ್ರಾಂತಿಯ ಭಾಷಣ ಮಾಡಲಿಲ್ಲ. ತಾರೀಖು ಕೇಳಿದಳು. ಜಾತಿ ಬದುಕಿರೋದು ಬಾಯಿಮಾತಿನಲ್ಲಿ. ಅದು ಬರೆದು ಸಹಿ ಹಾಕೋಕೆ ಹೆದರುತ್ತೆ. ಅದನ್ನು ಕಾಗದಕ್ಕೆ ಎಳೆದು ತಂದರೆ ಅರ್ಧ ಶಕ್ತಿ ಅಲ್ಲೇ ಹೋಯ್ತು.

ಆದ್ದರಿಂದ ನಾವು ನಿಮ್ಮನ್ನು ಕೇಳಿಕೊಳ್ಳೋದು ಇಷ್ಟು. ಪ್ರತಿ ಹಾಸ್ಟೆಲ್ಲಿನಲ್ಲೂ ಒಂದು ನೋಟ್‌ಬುಕ್ಕು ಇಡೋಣ. ರಜೆಗೆ ಊರಿಗೆ ಹೋದಾಗ ಕೇರಿಯ ಮನೆಮನೆಗೆ ಹೋಗಿ ಕೇಳಿ ಬರೆಯೋಣ. ಯಾರು ಅರ್ಜಿ ಹಾಕಿದ್ದಾರೆ, ಯಾವ ಕಚೇರಿಗೆ, ಯಾವ ತಾರೀಖಿಗೆ, ಸ್ವೀಕೃತಿ ಇದೆಯೋ ಇಲ್ಲವೋ. ಸ್ವೀಕೃತಿ ಇಲ್ಲದವರಿಗೆ ಹೊಸ ಅರ್ಜಿ ಎರಡು ಪ್ರತಿಯಲ್ಲಿ ಬರೆದುಕೊಡೋಣ. ಕಚೇರಿಯವರು ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸೋಣ, ಅಂಚೆ ರಸೀದಿಯೂ ತಾರೀಖೇ. ಬಾಕಿ ದಿನ ಎಷ್ಟು ಅಂತ ಪಕ್ಕದಲ್ಲಿ ಬರೆಯೋಣ. ದಿನ ಮುಗಿದ ಮಾರನೇ ದಿನ ಮೇಲ್ಮನವಿ ಹಾಕೋಣ, ಆರು ತಿಂಗಳು ಬಿಟ್ಟು ಅಲ್ಲ. 'ಕಾಗದ ಕೊರತೆ ಇದೆ' ಅಂದರೆ ಯಾವ ಯಾವ ಕಾಗದ ಅಂತ ಒಂದೇ ಸಲ ಬರೆಸಿಕೊಳ್ಳೋಣ. ಇವತ್ತು ಒಂದು, ನಾಳೆ ಒಂದು ಅಂತ ಹೇಳೋಕೆ ಬಿಡೋದು ಬೇಡ. ಆದಷ್ಟು ಅವ್ವ, ಅಕ್ಕಂದಿರ ಹೆಸರಲ್ಲೇ ಖಾತೆ ಆಗೋ ಹಾಗೆ ನೋಡೋಣ. ಗಂಡಸಿನ ಹೆಸರಲ್ಲಿದ್ದ ಎಷ್ಟೋ ಜಮೀನು ಹೆಂಡದಂಗಡಿಗೆ, ಬಡ್ಡಿಯವನಿಗೆ ಹೋದದ್ದು ನಮಗೆ ಗೊತ್ತು.

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ಅಂದುಕೊಳ್ತಾ ಇರಬಹುದು: ಇದೇನು ಚಳವಳಿಯೇ? ಭೂಮಿಯನ್ನು ಹಂಚಿ ಅಂತ ಕೂಗಬೇಕಾದವರು ಗುಮಾಸ್ತನ ಸೀಲಿಗೆ ಸಾಲು ನಿಲ್ಲಿ ಅಂತಿದ್ದಾರಲ್ಲ? ನ್ಯಾಯವಾದ ಪ್ರಶ್ನೆ. ಭೂಮಿ ಹಂಚಬೇಕು, ಆ ಕೂಗು ನಿಲ್ಲಬಾರದು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79-ಎ, 79-ಬಿ ಕಲಮುಗಳನ್ನು ತೆಗೆದಮೇಲೆ ರೈತನಲ್ಲದ ದುಡ್ಡಿನವನೂ ಸಾಗುವಳಿ ಜಮೀನು ಕೊಳ್ಳಬಹುದು. ಅವನು ಕೊಂಡು ಬೇಲಿ ಹಾಕೋ ವೇಗ ಏನು, ನಮ್ಮ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗೋ ವೇಗ ಏನು? ಬೀದಿಯಲ್ಲಿ ಗೆದ್ದದ್ದನ್ನು ಕಚೇರಿಯಲ್ಲಿ ಕಳಕೊಂಡ ಅನುಭವ ನಮ್ಮ ಹಿರಿಯರಿಗೆ ಬೇಕಾದಷ್ಟಿದೆ. ಮಂಜೂರು ಮಾಡಿಸಿದರು, ಪೋಡಿ ಆಗಲಿಲ್ಲ. ನಿವೇಶನ ಕೊಡಿಸಿದರು, ಖಾತೆ ಆಗಲಿಲ್ಲ. ಕೂಗೋಕೆ ಗಂಟಲು ಬೇಕು. ಗೆದ್ದದ್ದನ್ನು ಉಳಿಸಿಕೊಳ್ಳೋಕೆ ದಿನ ಎಣಿಸೋ ಬೆರಳೂ ಬೇಕು.

ಬಾಬಾಸಾಹೇಬರು ಬರೋಡದಲ್ಲಿ ಕಾದದ್ದು ಹನ್ನೊಂದು ದಿನ. ಅವರು ಬರೆದಿಟ್ಟಿದ್ದರಿಂದ ಅದು ನಮಗೆ ಗೊತ್ತಾಯ್ತು. ನಮ್ಮ ಅವ್ವ ಅಪ್ಪಂದಿರು ಎಷ್ಟು ದಿನ ಕಾದರು ಅಂತ ಯಾರೂ ಬರೆದಿಡಲಿಲ್ಲ. ಆ ಲೆಕ್ಕ ಬರೆಯೋ ಕೆಲಸ ಅಕ್ಷರ ಕಲಿತ ನಮ್ಮ ಮೇಲಿದೆ. ನಾಳೆ ಅಲ್ಲ, ಈ ಶಿಬಿರ ಮುಗಿದ ಕೂಡಲೇ. ನೋಟ್‌ಬುಕ್ಕಿನ ಮೊದಲ ಹಾಳೆ ತೆಗೆದು ಇವತ್ತಿನ ತಾರೀಖು ಹಾಕಿ, ನಿಮ್ಮ ಕೇರಿಯ ಹೆಸರು ಬರೆಯಿರಿ.

ಜೈ ಭೀಮ್.